ಮೂರು ಸಲ ಬಿಚ್ಚಿದ ಹೊಲಿಗೆ

ನಾಗಪುರಕ್ಕೆ ಬಂದು ಆರು ವರ್ಷವಾಯಿತು. ಮಿಹಾನ್‌ನ ಸಾಫ್ಟ್‌ವೇರ್ ಕಚೇರಿಯಲ್ಲಿ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಹಿಂದಿ, ಕೆಳಮನೆಯ ಕಾಕು ಜೊತೆ ಹರುಕುಮುರುಕು ಮರಾಠಿ. ನನ್ನ ಧಾರವಾಡದ ಕನ್ನಡ ಅಮ್ಮನ ಫೋನಿಗಷ್ಟೇ ಉಳಿದಿತ್ತು. ಎರಡು ವರ್ಷದ ಹಿಂದೆ ಅದಕ್ಕೊಂದು ಬೇರೆ ಕೆಲಸ ಬಂತು. ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಬರೆದಿದ್ದರು: ಕಟ್ಟಡ ಕೆಲಸಕ್ಕೆ ಬಂದಿರುವ ಕೊಪ್ಪಳ ಕಡೆಯ ಹೆಣ್ಣುಮಗಳಿಗೆ ಡಾಕ್ಟರ್ ಹೇಳುವುದು ತಿಳಿಯುತ್ತಿಲ್ಲ, ಹೆಂಗಸರೇ ಯಾರಾದರೂ ಜೊತೆಗೆ ಹೋಗಬೇಕು. ಶನಿವಾರ ರಜೆಯಿತ್ತು, ಹೋದೆ.

ಹೆಸರು ಹಾಕದೆ ಬರೆಯಲು ಆಕೆ ಒಪ್ಪಿದ್ದಾಳೆ. ಮೊದಲ ಹೆರಿಗೆ ಎರಡು ದಿನ ಎಳೆದಾಡಿ, ಕೆಳಭಾಗ ಗುದದವರೆಗೂ ಹರಿದಿತ್ತು. ಹೊಲಿಗೆ ಹಾಕಿದರೂ ಗುದನಾಳ ಮತ್ತು ಯೋನಿಯ ನಡುವೆ ಒಂದು ರಂಧ್ರ ಉಳಿಯಿತು. ವೈದ್ಯರು ಇದನ್ನು ರೆಕ್ಟೊವ್ಯಾಜೈನಲ್ ಫಿಸ್ಟುಲಾ ಎನ್ನುತ್ತಾರೆ. ಗಾಳಿ, ಒಮ್ಮೊಮ್ಮೆ ಮಲ ಯೋನಿಯಿಂದ ಹೊರಬರುತ್ತದೆ. ತಡೆಯಲು ಆಗುವುದಿಲ್ಲ. ವಾಸನೆಗೆ ಹೆದರಿ ಆಕೆ ಜಾತ್ರೆ, ಮದುವೆ, ಬಸ್ಸು ಎಲ್ಲ ಬಿಟ್ಟಿದ್ದಳು. ಕೇಳಿದವರಿಗೆಲ್ಲ "ಮೂಲವ್ಯಾಧಿ" ಎಂದೇ ಹೇಳುತ್ತಿದ್ದಳು. ಇಲ್ಲಿನ ಡಾಕ್ಟರ ಮುಂದೆಯೂ ಅದನ್ನೇ ಹೇಳಿದ್ದಳು.

ಗಂಡ ಹೊರಗೆ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದಳು: "ಮೂರು ಸಲ ಹೊಲದಾರಕ್ಕ, ಮೂರು ಸಲಾನೂ ಬಿಚ್ಚೇತಿ. ನನ್ನ ಮೈಯಾಗ ಏನೋ ದೋಷ ಐತಿ."

ಹಿಂದಿಗೆ ತಿರುಗಿಸಿ ಹೇಳಿದೆ. ಚಿಕಿತ್ಸೆಯ ದಾರಿ ಬದಲಾಗಿದ್ದು ಆ "ಮೂರು ಸಲ" ಎಂಬ ಮಾತಿನಿಂದ.

ಸಣ್ಣ ರಂಧ್ರವಾದರೆ ನೇರ ಹೊಲಿಗೆ ಸಾಕಾಗಬಹುದು. ಆದರೆ ಪ್ರತಿ ಆಪರೇಷನ್ನೂ ಒಂದಿಷ್ಟು ಗಾಯದ ಕಲೆ ಬಿಡುತ್ತದೆ. ಆ ಗಟ್ಟಿ ಜಾಗದಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ, ರಕ್ತವಿಲ್ಲದೆ ಗಾಯ ಕೂಡುವುದಿಲ್ಲ. ಮತ್ತೆ ಮತ್ತೆ ಬಿಚ್ಚಿಕೊಂಡದ್ದು, ತುಂಬ ದೊಡ್ಡದು, ಕ್ಯಾನ್ಸರ್‌ಗೆ ಕೊಟ್ಟ ರೇಡಿಯೇಷನ್‌ನಿಂದ ಅಥವಾ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿಂದ ಆದದ್ದು, ಇವನ್ನೆಲ್ಲ ವೈದ್ಯರು ಜಟಿಲ ಫಿಸ್ಟುಲಾ ಎನ್ನುತ್ತಾರೆ. ನಾನು ಆಕೆಗೆ ಕೌದಿಯ ಲೆಕ್ಕದಲ್ಲಿ ಹೇಳಿದೆ: "ಜೂನಾ ಅರಿವಿಗೆ ಎಷ್ಟು ಹೊಲದ್ರೂ ದಾರ ಹರಕೊಂಡು ಬರತೈತಿ. ಗಟ್ಟಿ ಅರಿವಿ ನಡುವ ಇಟ್ಟು ಹೊಲೀಬೇಕು. ನಿನ್ನ ದೋಷ ಏನಿಲ್ಲವಾ."

ಆ ಗಟ್ಟಿ ಅರಿವೆ ತೊಡೆಯಿಂದ ಬರುತ್ತದೆ. ತೊಡೆಯ ಒಳಭಾಗದಲ್ಲಿ, ತೊಡೆಸಂದಿಯಿಂದ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಉದ್ದನೆಯ ತೆಳು ಸ್ನಾಯುವಿನ ಹೆಸರು ಗ್ರಾಸಿಲಿಸ್. ಅದರ ಮುಖ್ಯ ರಕ್ತನಾಳ ತೊಡೆಯ ಮೇಲ್ಭಾಗದಲ್ಲೇ ಒಳಸೇರುತ್ತದೆ. ಹಾಗಾಗಿ ಮೊಣಕಾಲಿನ ಕಡೆಯ ತುದಿಯನ್ನು ಬಿಡಿಸಿ, ರಕ್ತನಾಳ ಕಡಿಯದಂತೆ ಸ್ನಾಯುವನ್ನು ಮೇಲಕ್ಕೆ ತಿರುಗಿಸಿ, ಚರ್ಮದಡಿಯಿಂದ ತೂರಿಸಿ ತರುತ್ತಾರೆ. ಗುದನಾಳದ ರಂಧ್ರವನ್ನೂ ಯೋನಿಯ ರಂಧ್ರವನ್ನೂ ಬೇರೆಬೇರೆಯಾಗಿ ಹೊಲಿದು, ನಡುವೆ ಈ ಜೀವಂತ ಸ್ನಾಯುವನ್ನು ಕೂರಿಸುತ್ತಾರೆ. ರಂಧ್ರ ಕೆಳಗಿದ್ದರೆ ಯೋನಿತುಟಿಯೊಳಗಿನ ಕೊಬ್ಬಿನ ಭಾಗವನ್ನು ಬಳಸುವ ಮಾರ್ಟಿಯಸ್ ವಿಧಾನವೂ ಇದೆ. ಜರ್ಮನಿಯ ಹೈನ್ರಿಖ್ ಮಾರ್ಟಿಯಸ್ ಅದನ್ನು ವಿವರಿಸಿದ್ದು 1928ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ಆಕೆಯ ಪ್ರಶ್ನೆಗಳು ಬೇರೆ ಇದ್ದವು. "ತೊಡಿದು ತಗದ್ರ ಕುಕ್ಕರಗಾಲಾಗ ಕುಂಡ್ರಾಕ ಬರತೈತೇನ?" ಬರುತ್ತದೆ, ಅದೇ ಕೆಲಸ ಮಾಡುವ ಬೇರೆ ಸ್ನಾಯುಗಳು ಪಕ್ಕದಲ್ಲೇ ಇವೆ ಎಂದರು ಡಾಕ್ಟರ್. ತೊಡೆಯ ಗಾಯ ಕೆಲವು ವಾರ ನೋಯಬಹುದು, ಸೋಂಕಾಗಬಹುದು, ಜೋಮು ಉಳಿಯಬಹುದು ಎಂದೂ ಮುಚ್ಚಿಡದೆ ಹೇಳಿದರು.

ಅನುವಾದಿಸಲು ಕಷ್ಟವಾದದ್ದು ಸ್ಟೋಮಾ. ಗಾಯ ಮಾಗುವವರೆಗೆ ಮಲ ಅತ್ತ ಹೋಗದಂತೆ, ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುತ್ತಾರೆ. ಜಟಿಲ ಪ್ರಕರಣಗಳಲ್ಲಿ ಇದು ಸಾಮಾನ್ಯ. ಆಕೆ ಎದ್ದು ಹೊರಟೇಬಿಟ್ಟಳು. ಅದು ತಾತ್ಕಾಲಿಕ, ಆಮೇಲೆ ಮುಚ್ಚುತ್ತಾರೆ ಎಂದು ಮನವರಿಕೆ ಮಾಡಲು ಇನ್ನೂ ಎರಡು ಶನಿವಾರ ಬೇಕಾದವು.

ಖಾತರಿಯನ್ನಂತೂ ಯಾರೂ ಕೊಡಲಿಲ್ಲ. ಬೇರೆ ಬೇರೆ ವೈದ್ಯಕೀಯ ವರದಿಗಳಲ್ಲಿ ಗ್ರಾಸಿಲಿಸ್ ಜೋಡಣೆಯ ಯಶಸ್ಸು ನೂರಕ್ಕೆ ಸುಮಾರು 50ರಿಂದ 90ರವರೆಗೆ ಏರಿಳಿಯುತ್ತದೆ. ಕ್ರೋನ್ಸ್, ರೇಡಿಯೇಷನ್ ಇದ್ದವರಲ್ಲಿ ಕಷ್ಟ ಹೆಚ್ಚು. ಈಕೆಗೆ ಊತ, ಸೋಂಕು ಇಳಿಯುವವರೆಗೆ ಕಾದು ಆಪರೇಷನ್ ಮಾಡಿದರು. ನಾಲ್ಕು ತಿಂಗಳ ನಂತರ ರಂಧ್ರ ಮುಚ್ಚಿದ್ದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಹೊಟ್ಟೆಯ ಚೀಲವೂ ಹೋಯಿತು. ಈಗ ವರ್ಷವಾಗುತ್ತ ಬಂತು, ಹೊಲಿಗೆ ನಿಂತಿದೆ. ಈ ಸಲ ಬಸ್ಸಿನಲ್ಲೇ ಊರ ಜಾತ್ರೆಗೆ ಹೋಗಿ ಬಂದಳು.

ಪುಣೆ, ಹೈದರಾಬಾದ್, ಸೂರತ್‌ನಲ್ಲಿರುವ ನಿಮಗೂ ಇಂಥ ಕರೆ ಬರಬಹುದು. ಹೋಗುವಾಗ ಹಳೆಯ ಆಪರೇಷನ್‌ಗಳ ಡಿಸ್‌ಚಾರ್ಜ್ ಕಾಗದಗಳನ್ನೆಲ್ಲ ಒಯ್ಯಿರಿ. ಎಷ್ಟು ಸಲ ಹೊಲಿದರು, ಏನೇನು ಮಾಡಿದರು ಎಂಬುದನ್ನು ಮೊದಲೇ ಹೇಳಿ. ಮತ್ತೆ ಬರೀ ಹೊಲಿಗೆ ಎಂದರೆ, "ಆ ಜಾಗದಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆಯೇ, ಸ್ನಾಯು ಜೋಡಿಸಬೇಕೇ?" ಎಂದು ಕೇಳಿ. ಕೊಲೊರೆಕ್ಟಲ್ ಮತ್ತು ಪ್ಲಾಸ್ಟಿಕ್ ಸರ್ಜನ್‌ಗಳು ಇಬ್ಬರೂ ಇರುವ ಆಸ್ಪತ್ರೆ ಹುಡುಕಿ. ಆಯುಷ್ಮಾನ್ ಭಾರತ್ ಕಾರ್ಡ್ ಕರ್ನಾಟಕದ್ದಾದರೂ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಮಿತಿ. ಈ ಆಪರೇಷನ್ ಅದರಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಆರೋಗ್ಯಮಿತ್ರರ ಬಳಿ ವಿಚಾರಿಸಿ. ಮತ್ತೆ, "ಮೂಲವ್ಯಾಧಿ" ಎಂದು ತಲೆ ತಗ್ಗಿಸಿದವರನ್ನು ಒಬ್ಬರೇ ಇದ್ದಾಗ ಇನ್ನೊಮ್ಮೆ ಕೇಳಿ, ನಮ್ಮ ಭಾಷೆಯಲ್ಲೇ.