ಬೇರೆ ಬೈಕಿನ ಕ್ಯಾಲಿಪರ್ ಹಾಕಿಸಿದರೆ ಬ್ರೇಕ್ ಡಬಲ್ ಆಗುತ್ತದೆಯೇ?

"ಹಳೇ ಬೈಕಿಗೆ ದೊಡ್ಡ ಬೈಕಿನ ಕ್ಯಾಲಿಪರ್, ಖರ್ಚು ಕಡಿಮೆ, ಬ್ರೇಕ್ ಡಬಲ್!" ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಗುಜರಿಯಲ್ಲಿ ಸಿಕ್ಕ ಕ್ಯಾಲಿಪರ್, ಲೇತ್ ಅಂಗಡಿಯಲ್ಲಿ ಕತ್ತರಿಸಿದ ಒಂದು ಪ್ಲೇಟ್, ನಾಲ್ಕು ಬೋಲ್ಟ್, ಅರ್ಧ ದಿನದ ಕೆಲಸ. ಕೊನೆಗೆ ಖಾಲಿ ರಸ್ತೆಯಲ್ಲಿ ಒಂದು ಸಲ ಬ್ರೇಕ್ ಹಿಡಿದು ತೋರಿಸಿದರೆ ವಿಡಿಯೊ ಮುಗಿಯಿತು.

ಬೆಂಗಳೂರು ಗ್ರಾಮಾಂತರದಲ್ಲಿ ಈ ಕೆಲಸ ಮಾಡಿಸುವುದು ಕಷ್ಟವೇನಲ್ಲ. ನೆಲಮಂಗಲದಿಂದ ಪೀಣ್ಯ ದೂರವಿಲ್ಲ, ಅಲ್ಲಿ ಯಾವ ಅಳತೆಯ ಪ್ಲೇಟ್ ಬೇಕೆಂದರೂ ಕತ್ತರಿಸಿಕೊಡುತ್ತಾರೆ. 1985ರಿಂದ 1996ರವರೆಗೆ ಮಾರಾಟವಾದ ಯಮಹಾ ಆರ್‌ಎಕ್ಸ್ 100 ಮತ್ತು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳನ್ನು ಇಂದಿಗೂ ಪ್ರೀತಿಯಿಂದ ಸಾಕಿಕೊಂಡಿರುವವರು ಬಹಳ ಮಂದಿ. ಇವೆಲ್ಲ ಡ್ರಮ್ ಬ್ರೇಕಿನ ಗಾಡಿಗಳು. ಇವಕ್ಕೆ ಡಿಸ್ಕ್ ಕೂರಿಸಬೇಕು, ಇರುವ ಡಿಸ್ಕಿಗೆ ದೊಡ್ಡ ಕ್ಯಾಲಿಪರ್ ಹಾಕಿಸಬೇಕು ಎಂಬ ಆಸೆ ಸಹಜ. ಹಾಗಾದರೆ ವಿಡಿಯೊದಲ್ಲಿ ಹೇಳುವ ಮಾತು ನಿಜವೇ?

ಚುಟುಕಾಗಿ ಹೇಳುವುದಾದರೆ: ಅರ್ಧ ಸತ್ಯ. ಡಿಸ್ಕ್ ಬ್ರೇಕ್ ಡ್ರಮ್‌ಗಿಂತ ಉತ್ತಮ ಎಂಬುದು ನಿಜ. ಆದರೆ ದೊಡ್ಡ ಕ್ಯಾಲಿಪರ್ ಹಾಕಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ಅದನ್ನು ಹಿಡಿದಿಡುವ ಪ್ಲೇಟ್ ಮುರಿದರೆ ಇದ್ದ ಬ್ರೇಕೂ ಇಲ್ಲವಾಗುತ್ತದೆ. ಒಂದೊಂದಾಗಿ ನೋಡೋಣ.

ಗಾಡಿಯನ್ನು ನಿಲ್ಲಿಸುವುದು ಯಾವುದು?

ಕ್ಯಾಲಿಪರ್ ನಿಲ್ಲಿಸುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ಚಕ್ರ ನಿಂತು ಟೈರ್ ಜಾರತೊಡಗಿದರೆ ಎಷ್ಟು ದೊಡ್ಡ ಕ್ಯಾಲಿಪರ್ ಇದ್ದರೂ ಉಪಯೋಗವಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಣ ಡಾಂಬರು ರಸ್ತೆ, ಒಳ್ಳೆಯ ಟೈರ್, ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಗಾಡಿ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ರಸ್ತೆಯ ಹಿಡಿತ ಅರ್ಧಕ್ಕೆ ಇಳಿದರೆ ಇದೇ ದೂರ 40 ಮೀಟರ್ ಆಗುತ್ತದೆ. ಅಪಾಯ ಕಂಡು ಕೈ ಲಿವರ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಇನ್ನೂ 17 ಮೀಟರ್ ಸೇರಿಸಿಕೊಳ್ಳಿ. ಈ ಲೆಕ್ಕದಲ್ಲಿ ಕ್ಯಾಲಿಪರ್ ಯಾವ ಕಂಪನಿಯದು ಎಂಬ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಈಗಿನ ಬ್ರೇಕ್ ಜೋರಾಗಿ ಹಿಡಿದಾಗ ಮುಂದಿನ ಟೈರ್ ಜಾರುವ ಹಂತಕ್ಕೆ ಬರುತ್ತಿದ್ದರೆ, ಇನ್ನೂ ದೊಡ್ಡ ಕ್ಯಾಲಿಪರ್‌ನಿಂದ ಆ 20 ಮೀಟರ್ 10 ಆಗುವುದಿಲ್ಲ.

ನಮ್ಮ ರಸ್ತೆಗಳಲ್ಲಿ ಇದು ಇನ್ನಷ್ಟು ಮುಖ್ಯ. ಟಿಪ್ಪರ್‌ಗಳಿಂದ ಉದುರಿದ ಎಂ-ಸ್ಯಾಂಡ್, ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆ ಮೇಲೆ ಹರಡಿದ ರಾಗಿ, ಹುರುಳಿ, ಮೊದಲ ಮಳೆಗೆ ಮೇಲೆದ್ದ ಎಣ್ಣೆ ಜಿಡ್ಡು. ಇಂಥ ಕಡೆ ಮುಂದಿನ ಬ್ರೇಕ್ ತಟ್ಟನೆ ಜೋರಾಗಿ ಕಚ್ಚಿದರೆ ಗಾಡಿ ನಿಲ್ಲುವ ಬದಲು ಮಲಗುತ್ತದೆ.

ಪಿಸ್ಟನ್ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಲ್ಲವೇ?

ಡಿಸ್ಕ್ ಬ್ರೇಕ್ ಕೆಲಸ ಮಾಡುವುದು ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮದ ಮೇಲೆ. ಹ್ಯಾಂಡಲ್ ಬಳಿಯ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದು ಸಣ್ಣ ಪಿಸ್ಟನ್ ಇರುತ್ತದೆ, ಕೆಳಗೆ ಕ್ಯಾಲಿಪರ್‌ನಲ್ಲಿ ದೊಡ್ಡ ಪಿಸ್ಟನ್ ಇರುತ್ತದೆ. ನಡುವೆ ಬ್ರೇಕ್ ಆಯಿಲ್. ಮೇಲಿನ ಪಿಸ್ಟನ್‌ಗಿಂತ ಕೆಳಗಿನದರ ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚೋ ಬಲವೂ ಅಷ್ಟು ಪಟ್ಟು ಹೆಚ್ಚುತ್ತದೆ.

ಒಂದು ಉದಾಹರಣೆ. ಮಾಸ್ಟರ್ ಸಿಲಿಂಡರ್ ಪಿಸ್ಟನ್ 12.7 ಮಿ.ಮೀ. ವ್ಯಾಸದ್ದು ಎಂದುಕೊಳ್ಳಿ. ಹಳೆಯ ಕ್ಯಾಲಿಪರ್‌ನಲ್ಲಿ 25 ಮಿ.ಮೀ.ನ ಎರಡು ಪಿಸ್ಟನ್ ಇದ್ದರೆ ಬಲ ಸುಮಾರು 7.7 ಪಟ್ಟು. ಅದರ ಜಾಗದಲ್ಲಿ 32 ಮಿ.ಮೀ.ನ ಎರಡು ಪಿಸ್ಟನ್ ಬಂದರೆ 12.7 ಪಟ್ಟು. ವಿಡಿಯೊದವರು ಹೇಳುವ "ಪವರ್" ಇದೇ. ಆದರೆ ಇಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಕೆಳಗಿನ ದೊಡ್ಡ ಪಿಸ್ಟನ್ ಅಷ್ಟೇ ದೂರ ಸರಿಯಬೇಕಾದರೆ ಹೆಚ್ಚು ಆಯಿಲ್ ಬೇಕು. ಅಂದರೆ ಲಿವರ್ ಸುಮಾರು 1.6 ಪಟ್ಟು ಹೆಚ್ಚು ಒಳಗೆ ಬರಬೇಕು. ಪ್ಯಾಡ್ ಸವೆದು, ಆಯಿಲ್‌ನಲ್ಲಿ ಒಂದಿಷ್ಟು ಗಾಳಿ ಸೇರಿತೆಂದರೆ ಲಿವರ್ ಹ್ಯಾಂಡಲ್ ಗ್ರಿಪ್ಪಿಗೇ ಬಂದು ತಾಗುತ್ತದೆ, ಬ್ರೇಕ್ ಮಾತ್ರ ಪೂರ್ತಿ ಹಿಡಿದಿರುವುದಿಲ್ಲ.

ಇನ್ನೊಂದು ತಪ್ಪು ಲೆಕ್ಕವೂ ಇದೆ. ಎರಡೂ ಕಡೆ ಎರಡೆರಡು ಪಿಸ್ಟನ್ ಇರುವ ಕ್ಯಾಲಿಪರ್ ನೋಡಿ "ನಾಲ್ಕು ಪಿಸ್ಟನ್, ಹಾಗಾಗಿ ಡಬಲ್" ಎನ್ನುತ್ತಾರೆ. ಎದುರುಬದುರು ಪಿಸ್ಟನ್ ಇರುವ ಕ್ಯಾಲಿಪರ್‌ನಲ್ಲಿ ಒಂದು ಬದಿಯ ವಿಸ್ತೀರ್ಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಸಾಮಾನ್ಯ ಬೈಕಿನ ಜಾರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್‌ಗಳು ಇರುವುದೇ ಒಂದು ಬದಿಯಲ್ಲಿ. ಆದ್ದರಿಂದ ನಾಲ್ಕು ಎಂದ ಕೂಡಲೇ ಎರಡರ ದುಪ್ಪಟ್ಟು ಆಗುವುದಿಲ್ಲ.

ಆ ಪ್ಲೇಟಿನ ಮೇಲೆ ಎಷ್ಟು ಭಾರ?

ನಿಜವಾದ ಅಪಾಯ ಇರುವುದು ಇಲ್ಲಿ. 150 ಕಿಲೊ ಬೈಕ್, ಮೇಲೆ ಇಬ್ಬರು, ಒಟ್ಟು 280 ಕಿಲೊ ಎಂದುಕೊಳ್ಳಿ. ಜೋರಾಗಿ ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ವಾಲುವುದರಿಂದ ಬಹುಪಾಲು ಕೆಲಸ ಮುಂದಿನ ಚಕ್ರದ್ದೇ. ಟೈರಿನ ಹೊರ ಅಂಚು ಆ್ಯಕ್ಸೆಲ್‌ನಿಂದ ಸುಮಾರು 30 ಸೆಂ.ಮೀ. ದೂರ, ಪ್ಯಾಡ್ ಕಚ್ಚುವ ಜಾಗ ಕೇವಲ 10-11 ಸೆಂ.ಮೀ. ದೂರ. ಹಾರೆಯ ತತ್ವದಂತೆ ರಸ್ತೆಯ ಬಲ ಕ್ಯಾಲಿಪರ್ ಬಳಿ ಮೂರು ಪಟ್ಟಿನ ಹತ್ತಿರ ಬರುತ್ತದೆ. ಲೆಕ್ಕ ಹಾಕಿದರೆ ಕ್ಯಾಲಿಪರನ್ನು ಎಳೆಯುವ ಬಲ 400 ಕಿಲೊ ತೂಕಕ್ಕೆ ಸಮ. ಎಂಟು ಸಿಮೆಂಟ್ ಮೂಟೆಗಳನ್ನು ಆ ಪ್ಲೇಟಿಗೆ ನೇತುಹಾಕಿದಂತೆ.

ಅದೂ ಒಂದು ಸಲವಲ್ಲ. ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೆ ದಿನವೂ ಓಡಾಡುವವರು ದಿನಕ್ಕೆ 100 ಸಲ ಬ್ರೇಕ್ ಹಿಡಿದರೂ 300 ದಿನಕ್ಕೆ 30,000 ಸಲ. ಪ್ರತಿ ಸಲವೂ ಪೂರ್ತಿ ಬಲ ಬೀಳದಿದ್ದರೂ ಎಳೆತವಂತೂ ಇದ್ದೇ ಇರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಲೋಹ ದಣಿಯುವುದು ಹಾಗೆಯೇ. ಅಲ್ಯೂಮಿನಿಯಂ ಈ ವಿಷಯದಲ್ಲಿ ಉಕ್ಕಿಗಿಂತ ಸೂಕ್ಷ್ಮ. ಸಣ್ಣ ಎಳೆತವಾದರೂ ಸಾಕಷ್ಟು ಸಲ ಬಿದ್ದರೆ ತೂತಿನ ಅಂಚಿನಲ್ಲಿ, ಚೂಪು ಮೂಲೆಯಲ್ಲಿ ಕೂದಲೆಳೆಯ ಬಿರುಕು ಶುರುವಾಗಿ ಬೆಳೆಯುತ್ತದೆ. ವಿಡಿಯೊದಲ್ಲಿ ತೋರಿಸುವ ಒಂದು ಬ್ರೇಕ್ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಆರು ತಿಂಗಳ ನಂತರ ಕಾಣುತ್ತದೆ.

ಕಂಪನಿ ಗಾಡಿಗಳಲ್ಲೂ ಎಷ್ಟೋ ಕಡೆ ಕ್ಯಾಲಿಪರ್ ಒಂದು ಬ್ರ್ಯಾಕೆಟ್ ಮೇಲೆಯೇ ಕೂರುತ್ತದೆ. ಹಾಗಾಗಿ ನಡುವೆ ಪ್ಲೇಟ್ ಇರುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ವ್ಯತ್ಯಾಸ ಏನೆಂದರೆ, ಆ ಬ್ರ್ಯಾಕೆಟ್ ಯಾವ ಲೋಹ, ಎಷ್ಟು ದಪ್ಪ, ಯಾವ ಬೋಲ್ಟ್ ಎಂದು ಲೆಕ್ಕ ಹಾಕಿರುತ್ತಾರೆ. ಆಮೇಲೆ ಇಡೀ ಗಾಡಿಯ ಬ್ರೇಕ್ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಪಡೆಯಬೇಕು. ಲೇತ್ ಅಂಗಡಿಯವರು ಕೊಟ್ಟ ಅಳತೆಗೆ ಸರಿಯಾಗಿ ಕತ್ತರಿಸಿಕೊಡುತ್ತಾರೆ. ಆ ಅಳತೆ ಭಾರ ತಡೆಯುತ್ತದೆಯೇ ಎಂದು ನೋಡುವುದು ಅವರ ಕೆಲಸವಲ್ಲ.

ಮನೆಯಲ್ಲಿ ಮಾಡಿದ ಜೋಡಣೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

• ಬೋಲ್ಟ್: ತಲೆಯ ಮೇಲೆ 8.8 ಎಂದಿದ್ದರೆ ಅದರ ಎಳೆತದ ಬಲ 800 ಮೆಗಾಪ್ಯಾಸ್ಕಲ್. 4.6 ದರ್ಜೆಯ ಮಾಮೂಲಿ ಬೋಲ್ಟಿನದು ಅದರ ಅರ್ಧ. ನೋಡಲು ಎರಡೂ ಒಂದೇ.

• ಮರೆ: 8 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂನಲ್ಲಿ ಗಟ್ಟಿಯಾಗಿ ಕೂರಲು 12ರಿಂದ 16 ಮಿ.ಮೀ. ಮರೆ ಹಿಡಿಯಬೇಕು. 5-6 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

• ವಾಷರ್ ಅಟ್ಟಿ: ಅಂತರ ಸರಿಮಾಡಲು ನಾಲ್ಕೈದು ವಾಷರ್ ಪೇರಿಸಿದರೆ ಬೋಲ್ಟ್ ಬಾಗಲು ಶುರುವಾಗುತ್ತದೆ, ಬೇಗ ಸಡಿಲವಾಗುತ್ತದೆ.

• ವೆಲ್ಡಿಂಗ್: ಫೋರ್ಕಿನ ಕೆಳಭಾಗ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ. ಅದಕ್ಕೆ ಕಿವಿ ಬೆಸೆದರೆ ಬಿಸಿ ತಗುಲಿದ ಸುತ್ತಲಿನ ಭಾಗ ಮೆತ್ತಗಾಗಬಹುದು.

• ವಾರೆ: ಪ್ಯಾಡ್ ಡಿಸ್ಕಿಗೆ ನೇರವಾಗಿ ಕೂರದೆ ತುಸು ವಾರೆಯಾದರೂ ಒಂದು ಅಂಚು ಬೇಗ ಸವೆಯುತ್ತದೆ. ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಾ ಡಿಸ್ಕ್ ಕಾಯುತ್ತದೆ.

• ಗಾಳಿ: ಆಯಿಲ್‌ನಿಂದ ಗಾಳಿ ತೆಗೆಯುವ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲಿರಬೇಕು. ಎಡಗಡೆಯ ಕ್ಯಾಲಿಪರನ್ನು ಬಲಗಡೆಗೆ ಹಾಕಿದರೆ ಅದು ಕೆಳಗೆ ಬರುತ್ತದೆ, ಗಾಳಿ ಒಳಗೇ ಉಳಿಯುತ್ತದೆ.

ಓಡುವಾಗ ಪ್ಲೇಟ್ ಮುರಿದರೆ ಬ್ರೇಕ್ ಹೋಗುವುದಷ್ಟೇ ಅಲ್ಲ, ಕಳಚಿದ ಕ್ಯಾಲಿಪರ್ ಚಕ್ರದೊಳಗೆ ಸಿಕ್ಕಿಕೊಂಡು ಮುಂದಿನ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು. ಆಗ ಓಡಿಸುವವರೂ ಹಿಂದೆ ಕೂತವರೂ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾರೆ. ಹಿಂದೆ ಕೂತವರಿಗೆ ಮುಂದೆ ಇಂಥ ಪ್ಲೇಟ್ ಇದೆ ಎಂಬುದೂ ಗೊತ್ತಿರುವುದಿಲ್ಲ.

ನಂದಿ ಬೆಟ್ಟದ ಇಳಿಜಾರು

ವಾರದ ಕೊನೆಗೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ಬೈಕುಗಳು ಸಾಲಾಗಿ ಏರುವುದು 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ. ಇಳಿಯುವಾಗ ಬ್ರೇಕಿಗೆ ಏನಾಗುತ್ತದೆ? 250 ಕಿಲೊ ಭಾರ 100 ಮೀಟರ್ ಎತ್ತರ ಇಳಿದರೆ ಹೊರಬರುವ ಶಕ್ತಿ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಬಿಸಿ ಮಾಡಲು ಸಾಕು. ಎಂಜಿನ್ ಮತ್ತು ಗಾಳಿ ಒಂದಷ್ಟು ತಡೆಯುತ್ತವೆ. ಉಳಿದದ್ದು ಡಿಸ್ಕ್, ಪ್ಯಾಡ್, ಕ್ಯಾಲಿಪರ್‌ಗೆ ಶಾಖವಾಗಿ ಸೇರುತ್ತದೆ.

ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಒತ್ತಿದಾಗ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡ್ ಕದಲುವುದಿಲ್ಲ. ವಾರೆಯಾಗಿ ಕೂತು ಸದಾ ಉಜ್ಜುವ ಕ್ಯಾಲಿಪರ್ ಇಳಿಜಾರಿಗೆ ಬರುವ ಮೊದಲೇ ಬಿಸಿಯಾಗಿರುತ್ತದೆ.

ಎಬಿಎಸ್ ಇರುವ ಗಾಡಿಯಾದರೆ?

2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯ. ಎಬಿಎಸ್ ಘಟಕವನ್ನು ಆ ಗಾಡಿಯ ಕ್ಯಾಲಿಪರ್, ಡಿಸ್ಕ್, ಟೈರಿಗೆ ಹೊಂದಿಸಿರುತ್ತಾರೆ. ಕ್ಯಾಲಿಪರ್ ಬದಲಿಸುವಾಗ ಸೆನ್ಸರ್ ತುಸು ಸರಿದರೂ ಎಬಿಎಸ್ ನಿಂತು ಎಚ್ಚರಿಕೆ ದೀಪ ಹೊತ್ತಿಕೊಳ್ಳಬಹುದು. ದೊಡ್ಡ ಕ್ಯಾಲಿಪರ್ ಆಸೆಗೆ ಎಬಿಎಸ್ ಕಳೆದುಕೊಳ್ಳುವುದು ಚಿನ್ನ ಕೊಟ್ಟು ಹಿತ್ತಾಳೆ ತಂದ ಹಾಗೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದೆ ವಾಹನ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ, ತಿಳಿಸದೆ ಮಾಡಿಸಿದ ಬದಲಾವಣೆಯಿಂದ ವಿಮೆ ಹಣಕ್ಕೂ ತಕರಾರು ಬರಬಹುದು.

ಹಾಗಾದರೆ ಬ್ರೇಕ್ ಚೆನ್ನಾಗಿ ಆಗಲು ಏನು ಮಾಡಬೇಕು?

"ಬ್ರೇಕ್ ಸಾಲದು" ಎನ್ನುವ ಎಷ್ಟೋ ಗಾಡಿಗಳಿಗೆ ಬೇಕಾಗಿರುವುದು ರಿಪೇರಿ, ಹೊಸ ಕ್ಯಾಲಿಪರ್ ಅಲ್ಲ.

• ಕಂಪನಿ ಹೇಳಿದ ದರ್ಜೆಯ ಬ್ರೇಕ್ ಆಯಿಲನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿ. ದರ್ಜೆ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಎಂಜಿನ್ ಆಯಿಲ್ ಎಂದೂ ಹಾಕಬೇಡಿ, ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

• ಪ್ಯಾಡ್ ಸವೆದಿದ್ದರೆ ಅದೇ ಮಾಡೆಲ್‌ನ ಒಳ್ಳೆಯ ಪ್ಯಾಡ್ ಹಾಕಿಸಿ. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ತೊಳೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಾಕಿಸಿ.

• ಡಿಸ್ಕ್ ಮೇಲೆ ಚೈನ್ ಸ್ಪ್ರೇ, ಪಾಲಿಶ್ ಬೀಳದಂತೆ ನೋಡಿಕೊಳ್ಳಿ.

• ಬೋಳಾದ ಟೈರ್ ಬದಲಿಸಿ, ಗಾಳಿ ಸರಿಯಾಗಿಡಿ. ನಿಲ್ಲುವ ದೂರ ನಿಜವಾಗಿ ಕಡಿಮೆಯಾಗುವುದು ಇಲ್ಲಿ.

• ಡ್ರಮ್ ಬ್ರೇಕಿನ ಹಳೇ ಗಾಡಿಯಾದರೆ ಬ್ರೇಕ್ ಶೂ, ಕೇಬಲ್ ಬದಲಿಸಿ, ಡ್ರಮ್ ಸಮವಾಗಿದೆಯೇ ನೋಡಿಸಿ. ಅದರ ಬ್ರೇಕಿಗೆ ತಕ್ಕ ವೇಗದಲ್ಲಿ ಓಡಿಸಿ.

ಈಗಾಗಲೇ ಇಂಥ ಪ್ಲೇಟ್ ಹಾಕಿಸಿರುವ ಗಾಡಿ ನಿಮ್ಮಲ್ಲಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವ ಗಾಡಿಯಲ್ಲಿ ಕಂಡರೆ, ಕೈಯಿಂದ ಕ್ಯಾಲಿಪರ್ ಅಲುಗಾಡಿಸಿ ನೋಡಿ. ತೂತುಗಳ ಸುತ್ತ ಬಿರುಕು, ಬೋಲ್ಟ್ ಸುತ್ತ ತುಕ್ಕಿನ ಪುಡಿ, ಒಂದೇ ಅಂಚು ಸವೆದ ಪ್ಯಾಡ್, ಒಂದಷ್ಟು ದೂರ ಓಡಿಸಿದ ಮೇಲೆ ಬ್ರೇಕ್ ಹಿಡಿಯದಿದ್ದರೂ ಡಿಸ್ಕಿನಿಂದ ಬರುವ ಝಳ, ಇವುಗಳಲ್ಲಿ ಒಂದು ಕಂಡರೂ ಗಾಡಿ ಓಡಿಸಬೇಡಿ, ಮೂಲ ಭಾಗಗಳನ್ನು ಹಾಕಿಸಿ. ಏನೂ ಕಾಣದಿದ್ದರೂ ಮೂಲ ಭಾಗಗಳಿಗೆ ಮರಳುವುದೇ ಕ್ಷೇಮ.

ಮುಂದಿನ ಸಲ ಇಂಥ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಪ್ಲೇಟ್ ಯಾವ ಲೋಹದ್ದು, ಬೋಲ್ಟ್ ಯಾವ ದರ್ಜೆಯದ್ದು, ಒಂದು ವರ್ಷ ಓಡಿದ ಮೇಲೆ ಬಿಚ್ಚಿ ನೋಡಿದ್ದಾರೆಯೇ? ಉತ್ತರ ವಿಡಿಯೊದಲ್ಲಿ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಅದನ್ನು ನೋಡಿ ಮರುದಿನವೇ ಲೇತ್ ಅಂಗಡಿಗೆ ಹೋಗುವ ಹುಡುಗನೊಬ್ಬ ಇರಬಹುದು.