ಕುಟ್ಟ: ತೋಟದ ಆದಾಯ, ಅತಿಥಿಯ ಆದಾಯ

ಕೊಡಗಿನ ದಕ್ಷಿಣದ ಅಂಚಿನಲ್ಲಿ, ಕೇರಳದ ವಯನಾಡಿಗೆ ಹೊಂದಿಕೊಂಡಿರುವ ಊರು ಕುಟ್ಟ. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು; ಅದೇ ದಿನ ಕೇರಳ ರಾಜ್ಯವೂ ಉದಯಿಸಿತು. ರಾಜ್ಯಗಳು ಬೇರೆಯಾದರೂ ವ್ಯವಹಾರ ಬೇರೆಯಾಗಲಿಲ್ಲ. ಕೊಡವರು, ಮಲಯಾಳಿಗಳು, ಯರವರು, ಜೇನುಕುರುಬರು ಇಂದಿಗೂ ಒಂದೇ ಪೇಟೆಯನ್ನು ಅವಲಂಬಿಸಿದ್ದಾರೆ.

ಕಾಫಿ ಹಾಗೂ ಕಾಳುಮೆಣಸು ಇಲ್ಲಿನ ಮುಖ್ಯ ಬೆಳೆಗಳು. ಒಂದೆಡೆ ನಾಗರಹೊಳೆಯ ಹುಲಿ ಸಂರಕ್ಷಿತ ಅರಣ್ಯ, ಇನ್ನೊಂದೆಡೆ ಬ್ರಹ್ಮಗಿರಿ ಶ್ರೇಣಿ. ಸಮೀಪದಲ್ಲಿಯೇ ಲಕ್ಷ್ಮಣತೀರ್ಥ ನದಿಯ ಇರ್ಪು ಜಲಪಾತ ಮತ್ತು ರಾಮೇಶ್ವರ ದೇವಾಲಯ. ಬ್ರಹ್ಮಗಿರಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಅತಿವೃಷ್ಟಿಯಿಂದ ಕಾಯಿ ಉದುರಿದ ವರ್ಷ, ಧಾರಣೆ ಕುಸಿದ ವರ್ಷ, ತೋಟದ ಮನೆಯಲ್ಲಿ ಪ್ರವಾಸಿಗರಿಗೆ ನೀಡಿದ ಒಂದೆರಡು ಕೋಣೆಗಳೇ ಬೆಳೆಗಾರನ ಕೈಹಿಡಿಯುತ್ತವೆ. ಆದರೆ ತೋಟದೊಳಗೆ ಗಳಿಸಿದ ಮಾತ್ರಕ್ಕೆ ಹೋಂಸ್ಟೇ ಬಾಡಿಗೆ ಕೃಷಿ ಆದಾಯವಾಗದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಲ್ಲಿರುವ ವಿನಾಯಿತಿ, ಅತಿಥಿಗಳ ವಸತಿ, ಊಟ, ವಾಹನಗಳಿಂದ ಬಂದ ಹಣಕ್ಕೆ ಅನ್ವಯಿಸುವುದಿಲ್ಲ.

ಆದ್ದರಿಂದ ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ತೋಟಕ್ಕೂ ಅತಿಥಿ ಸತ್ಕಾರಕ್ಕೂ ಪ್ರತ್ಯೇಕ ಲೆಕ್ಕಪುಸ್ತಕ ಹಾಗೂ ಬ್ಯಾಂಕ್ ಖಾತೆ ಇರಿಸುವುದು ಲೇಸು. ಅಡುಗೆ ಸಾಮಗ್ರಿ, ಸಂಬಳ, ದುರಸ್ತಿಯ ರಸೀದಿಗಳಿದ್ದರೆ ಆ ವೆಚ್ಚವನ್ನು ಕಳೆದು ಉಳಿದ ಲಾಭಕ್ಕಷ್ಟೇ ತೆರಿಗೆ ಲೆಕ್ಕ ಹಾಕಬಹುದು. ಅಲ್ಲದೆ, ಮುಂದೆ ಇನ್ನೆರಡು ಕೋಣೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕು ನೋಡುವುದು ಘೋಷಿಸಿದ ಆದಾಯವನ್ನೇ ಹೊರತು ಮುಚ್ಚಿಟ್ಟದ್ದನ್ನಲ್ಲ.