ಗ್ರೀಸ್ 2004: ಕಪ್ ಬಂತು, ಒಲಿಂಪಿಕ್ಸ್ ಬಂತು, ಆಮೇಲೆ ಲೆಕ್ಕ ಬಂತು

‘ಒಲಿಂಪಿಕ್ಸ್ ಮಾಡಿ ಗ್ರೀಸ್ ದಿವಾಳಿ ಆಯ್ತು’ ಅನ್ನೋ ಮಾತನ್ನ ನೀವು ಯಾವುದೋ ರೀಲ್ಸ್‌ನಲ್ಲಿ ಕೇಳಿರ್ತೀರಿ. 2036ರ ಒಲಿಂಪಿಕ್ಸ್ ಭಾರತಕ್ಕೆ ಬೇಕು ಅನ್ನೋ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಈ ಉದಾಹರಣೆ ತೆಗೀತಾರೆ. ಅದು ಎಷ್ಟು ನಿಜ ಅಂತ ತಿಳಿಯೋಕೆ 2004ರ ಗ್ರೀಸ್‌ಗೆ ಹೋಗೋಣ.

ಮಾರ್ಚ್ 7ರಂದು ಚುನಾವಣೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರದಲ್ಲಿದ್ದ ಸಮಾಜವಾದಿ ಪಾಸೋಕ್ ಪಕ್ಷ ಸೋತು, ನ್ಯೂ ಡೆಮಾಕ್ರಸಿಯ ಕೋಸ್ತಾಸ್ ಕರಮನ್ಲಿಸ್ ಪ್ರಧಾನಿ ಆದರು. ಸೋತ ನಾಯಕನ ಹೆಸರು ಜಾರ್ಜ್ ಪಪಾಂಡ್ರೂ. ನೆನಪಿಟ್ಕೊಳ್ಳಿ, ಮತ್ತೆ ಬರ್ತಾರೆ. ಹೊಸ ಸರ್ಕಾರದ ಎದುರು ಒಲಿಂಪಿಕ್ಸ್‌ಗೆ ಉಳಿದಿದ್ದು ಐದೇ ತಿಂಗಳು. ಮುಖ್ಯ ಸ್ಟೇಡಿಯಂನ ಚಾವಣಿ ಕೂಡ ಇನ್ನೂ ಮುಗಿದಿರಲಿಲ್ಲ.

ಈ ಟೆನ್ಷನ್ ನಡುವೆ ಜೂನ್‌ನಲ್ಲಿ ಯೂರೋ ಕಪ್ ಫುಟ್‌ಬಾಲ್. ಅಲ್ಲಿವರೆಗೆ ಗ್ರೀಸ್ ಯಾವ ದೊಡ್ಡ ಟೂರ್ನಿಯಲ್ಲೂ ಒಂದೇ ಒಂದು ಮ್ಯಾಚ್ ಗೆದ್ದಿರಲಿಲ್ಲ. 1994ರ ವಿಶ್ವಕಪ್‌ನಲ್ಲಂತೂ ಮೂರು ಮ್ಯಾಚ್ ಆಡಿ, ಹತ್ತು ಗೋಲು ಹೊಡೆಸಿಕೊಂಡು, ಒಂದೂ ಹೊಡೆಯದೆ ವಾಪಸ್ ಬಂದಿತ್ತು. ಜರ್ಮನಿಯ ಕೋಚ್ ಒಟ್ಟೊ ರೆಹಾಗೆಲ್ ಹಾಕಿದ ಪ್ಲಾನ್ ಸಿಂಪಲ್: ಗಟ್ಟಿಯಾಗಿ ಡಿಫೆಂಡ್ ಮಾಡಿ, ಸಿಕ್ಕ ಒಂದು ಚಾನ್ಸ್‌ನಲ್ಲಿ ಹೊಡೀರಿ. ಕ್ವಾರ್ಟರ್‌ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಫ್ರಾನ್ಸ್, ಸೆಮಿಯಲ್ಲಿ ಚೆಕ್, ಜುಲೈ 4ರ ಫೈನಲ್‌ನಲ್ಲಿ ಲಿಸ್ಬನ್‌ನಲ್ಲೇ ಪೋರ್ಚುಗಲ್. ಮೂರೂ 1-0, ಮೂರೂ ಗೋಲು ತಲೆಯಿಂದಲೇ. ಬೋರಿಂಗ್ ಆಟ ಅಂತ ಯುರೋಪಿನವರು ಬೈದರು. ಗೆದ್ದವರಿಗೆ ಅದೆಲ್ಲ ಕೇಳಿಸುತ್ತಾ?

ಕಪ್ ಬಂದ ಎಂಟೇ ದಿನಕ್ಕೆ, ಜುಲೈ 12ರಂದು, ಅಥೆನ್ಸ್ ಸೇರಿ ದಕ್ಷಿಣ ಗ್ರೀಸ್‌ನಲ್ಲಿ ಕರೆಂಟ್ ಹೋಯ್ತು. ಇನ್ನು ಒಲಿಂಪಿಕ್ಸ್ ಮುಗೀತು ಅಂದುಕೊಂಡವರೇ ಜಾಸ್ತಿ. ಆದರೆ ಆಗಸ್ಟ್ 13ರ ಉದ್ಘಾಟನೆ ಚೆನ್ನಾಗೇ ಆಯ್ತು. ಶಾಟ್‌ಪುಟ್ ಸ್ಪರ್ಧೆಯನ್ನ ಪ್ರಾಚೀನ ಒಲಿಂಪಿಯಾದ ಮೈದಾನದಲ್ಲೇ ಇಟ್ಟಿದ್ದರು. ಒಂದು ಕಾಲದಲ್ಲಿ ಮದುವೆಯಾದ ಹೆಂಗಸರಿಗೆ ನಿಂತು ನೋಡೋಕೂ ಬಿಡದ ಜಾಗದಲ್ಲಿ ಈ ಸಲ ಮಹಿಳೆಯರು ಗುಂಡು ಎಸೆದರು. ಮುಜುಗರವೂ ಆಯ್ತು. ಗ್ರೀಸ್‌ನ ಸ್ಟಾರ್ ಓಟಗಾರ ಕೋಸ್ತಾಸ್ ಕೆಂಟೇರಿಸ್ ಉದ್ಘಾಟನೆಯ ಹಿಂದಿನ ದಿನವೇ ಡೋಪ್ ಟೆಸ್ಟ್ ತಪ್ಪಿಸಿಕೊಂಡು, ಕೊನೆಗೆ ಕೂಟದಿಂದಲೇ ಹೊರನಡೆದರು. ಅಂದಹಾಗೆ, ರಾಜ್ಯವರ್ಧನ್ ಸಿಂಗ್ ರಾಥೋಡ್ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದಿದ್ದು ಇದೇ ಅಥೆನ್ಸ್‌ನಲ್ಲಿ. ಆ ಸಲ ಭಾರತಕ್ಕೆ ಬಂದಿದ್ದು ಅದೊಂದೇ ಪದಕ.

ಈಗ ನನಗೆ ಇಷ್ಟವಾದ ಭಾಗ. ಸೆಪ್ಟೆಂಬರ್‌ನಲ್ಲಿ ಯುರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಒಂದು ತಿದ್ದುಪಡಿ ಪ್ರಕಟಿಸಿತು. ಆದಾಯಕ್ಕಿಂತ ಸರ್ಕಾರ ಎಷ್ಟು ಹೆಚ್ಚು ಖರ್ಚು ಮಾಡಿದೆ ಅನ್ನೋದೇ ವಿತ್ತೀಯ ಕೊರತೆ. ಯೂರೋ ಬಳಸೋ ದೇಶದಲ್ಲಿ ಅದು ಜಿಡಿಪಿಯ 3% ದಾಟಬಾರದು. 2003ರಲ್ಲಿ ನಮ್ಮದು 1.7% ಅಂತ ಗ್ರೀಸ್ ಮಾರ್ಚ್‌ನಲ್ಲಿ ಹೇಳಿತ್ತು. ತಿದ್ದಿದ ಅಂಕಿ 4.6%. ಶಸ್ತ್ರ ಖರೀದಿಯ ಖರ್ಚನ್ನ ಕಮ್ಮಿ ತೋರಿಸಿದ್ದರು, ಸಾಮಾಜಿಕ ಭದ್ರತಾ ನಿಧಿಗಳ ಉಳಿತಾಯವನ್ನ ಜಾಸ್ತಿ ತೋರಿಸಿದ್ದರು. ನಮ್ಮನೆ ಭಾಷೆಯಲ್ಲಿ ಹೇಳೋದಾದರೆ, ಬೈಕ್ ಇಎಂಐ ಬರೆಯದೆ, ಅಮ್ಮನ ಚೀಟಿ ದುಡ್ಡನ್ನ ಉಬ್ಬಿಸಿ ಬರೆದ ಹಾಗೆ. ನವೆಂಬರ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಅಲೊಗೊಸ್ಕೂಫಿಸ್ ಒಪ್ಪಿಕೊಂಡೇಬಿಟ್ಟರು: 1999ರಿಂದ ಕೊರತೆ 3%ಗಿಂತ ಕೆಳಗೆ ಇಳಿದೇ ಇಲ್ಲ. ಗ್ರೀಸ್ 2001ರಲ್ಲಿ ಯೂರೋ ಕೂಟಕ್ಕೆ ಸೇರಿದ್ದು 1999ರ ಲೆಕ್ಕ ತೋರಿಸಿ! ಇದು ರಾಜಕೀಯ, ಲೆಕ್ಕದ ವಿಧಾನ ಬದಲಿಸಿ ನಮ್ಮ ಮೇಲೆ ಗೂಬೆ ಕೂರಿಸ್ತಿದ್ದಾರೆ ಅಂತ ಪಾಸೋಕ್ ವಾದಿಸಿತು.

ಹಾಗಾದರೆ ಒಲಿಂಪಿಕ್ಸ್? ಖರ್ಚಾಗಿದ್ದು ಸುಮಾರು 900 ಕೋಟಿ ಯೂರೋ. 2009ರ ಕೊನೆಗೆ ಗ್ರೀಸ್ ಸರ್ಕಾರದ ಸಾಲ ಸುಮಾರು 30,000 ಕೋಟಿ ಯೂರೋ. ಅಂದರೆ ಇಡೀ ಖರ್ಚನ್ನ ಸಾಲ ಅಂತಲೇ ಇಟ್ಟುಕೊಂಡರೂ ನೂರಕ್ಕೆ ಮೂರು. ಎಲ್ಲಿನಿಕೋ ಕಡೆ ಕಳೆ ಬೆಳೆದು ಹಾಳುಬಿದ್ದ ಒಲಿಂಪಿಕ್ಸ್ ಮೈದಾನಗಳ ಫೋಟೊ ವೈರಲ್ ಆಗುತ್ತೆ, ಸರಿ. ಅದೇ ಹೊತ್ತಿಗೆ ಬಂದ ಟ್ರಾಮ್ ಮತ್ತು ಏರ್‌ಪೋರ್ಟ್ ರೈಲಿನಲ್ಲಿ ಜನ ಇವತ್ತಿಗೂ ಓಡಾಡ್ತಾರೆ. ದುಂದುವೆಚ್ಚ ಆಗಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ದೇಶ ಮುಳುಗಿಸಿದ ಸಾಲ ಸ್ಟೇಡಿಯಂನದ್ದಲ್ಲ. ಸಂಬಳ, ಪಿಂಚಣಿ, ಬಡ್ಡಿ, ವಸೂಲಾಗದ ತೆರಿಗೆ, ಇವೆಲ್ಲ ವರ್ಷಾನುಗಟ್ಟಲೆ ಸೇರಿ ಬೆಳೆದದ್ದು. ಅದರ ಸುಳಿವು 2004ರಲ್ಲೇ ಸಿಕ್ಕಿತ್ತು.

ಯುರೋಪಿಯನ್ ಯೂನಿಯನ್ ಗ್ರೀಸ್ ಬಜೆಟ್ ಮೇಲೆ ನಿಗಾ ಇಟ್ಟಿತು, 2007ರಲ್ಲಿ ತೆಗೆಯಿತು. 2009ರ ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ. ಈ ಸಲ ಗೆದ್ದಿದ್ದು ಅದೇ ಪಪಾಂಡ್ರೂ. ಬಂದ ಕೂಡಲೇ ಅವರ ಸರ್ಕಾರವೂ ಹೇಳಿತು: ಹಿಂದಿನವರು ಕೊಟ್ಟ ಲೆಕ್ಕ ಸುಳ್ಳು, ಕೊರತೆ ಅದರ ದುಪ್ಪಟ್ಟಿದೆ. 2010ರ ಮೇನಲ್ಲಿ 11,000 ಕೋಟಿ ಯೂರೋ ತುರ್ತು ಸಾಲ, ಅದರ ಜೊತೆಗೆ ಸಂಬಳ, ಪಿಂಚಣಿ ಕಡಿತ. ದೇಶದ ಅಂಕಿಅಂಶ ಇಲಾಖೆಯನ್ನ ಹಣಕಾಸು ಸಚಿವಾಲಯದ ಕೈಯಿಂದ ಬಿಡಿಸಿ ಸ್ವತಂತ್ರ ಸಂಸ್ಥೆ ಮಾಡಿದ್ದೂ ಅದೇ ವರ್ಷ.